ಬಣ್ಣ ಹೋದ ಪಿನ್‌ಬಾಲ್ ಯಂತ್ರಕ್ಕೆ ಮತ್ತೆ ಚಿತ್ರ: ಬಳ್ಳಾರಿಯ ಒಂದು ಪ್ರಕರಣ

ಪಿನ್‌ಬಾಲ್ ಯಂತ್ರದ ರಿಪೇರಿ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ವೈರು, ಕಾಯಿಲ್, ಬೋರ್ಡು. ಅವನ್ನೆಲ್ಲ ಹೇಗಾದರೂ ಸರಿ ಮಾಡಬಹುದು. ಸುಟ್ಟ ಕಾಯಿಲ್ ಮತ್ತೆ ಸುತ್ತಿಸಬಹುದು, ಹೋದ ಟ್ರಾನ್ಸಿಸ್ಟರ್ ಬದಲಿಸಬಹುದು. ಆದರೆ ಯಂತ್ರದ ಮೇಲಿನ ಚಿತ್ರವೇ ಅಳಿಸಿಹೋದರೆ? ಯಾರಾದರೂ ಕೂತು ಅದನ್ನು ಒಂದೊಂದೇ ಗೆರೆಯಾಗಿ ಮತ್ತೆ ಬರೆಯಬೇಕು.

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಒಂದು ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ತಾಡಪಾಲು ಹೊದ್ದು ನಿಂತಿದ್ದ ಯಂತ್ರಕ್ಕೆ ನಾವು ಹೀಗೆ ಚಿತ್ರ ಬರೆದುಕೊಟ್ಟೆವು. ನಾನು ಡಿಸೈನ್ ಕೆಲಸದವನು. ದಿನಾ ಮಾಡುವುದು ಫ್ಲೆಕ್ಸ್ ಬ್ಯಾನರ್, ಮದುವೆ ಕಾರ್ಡು, ಊರಿನ ಜೀನ್ಸ್ ಯೂನಿಟ್‌ಗಳಿಗೆ ಲೇಬಲ್. ಈ ಕೆಲಸದಲ್ಲಿ ಏನು ನೋಡಿದೆವು, ಏನು ತೀರ್ಮಾನ ಮಾಡಿದೆವು, ಯಾಕೆ ಮಾಡಿದೆವು ಅನ್ನೋದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಹಳೇ ವಸ್ತುವಿನ ಬಣ್ಣದ ಕೆಲಸ ಯಾರ ಕೈಗೆ ಬಂದರೂ ಇದು ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ಯಂತ್ರ ಯಾವುದು

ಪಿನ್‌ಬಾಲ್ ನೋಡದವರಿಗೆ ಎರಡು ಮಾತು. ಗಾಜಿನ ಕೆಳಗೆ ಇಳಿಜಾರಾಗಿ ಕೂರಿಸಿದ ಮರದ ಹಲಗೆ. ಅದರ ಮೇಲೆ ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು ಓಡುತ್ತದೆ. ಅದು ಕೆಳಗೆ ಬಿದ್ದುಹೋಗದಂತೆ ಎರಡು ಪುಟ್ಟ ತೋಳುಗಳಿಂದ ಹೊಡೆದು ಮೇಲಕ್ಕೆ ಕಳಿಸಬೇಕು. ಈ ತೋಳುಗಳೇ ಫ್ಲಿಪ್ಪರ್. 1947ರಲ್ಲಿ ಷಿಕಾಗೊದ ಗಾಟ್ಲೀಬ್ ಕಂಪನಿಯ ಹ್ಯಾರಿ ಮ್ಯಾಬ್ಸ್ ಇವನ್ನು ಯಂತ್ರಕ್ಕೆ ಸೇರಿಸಿದರು. ಅಲ್ಲಿಂದ ಮುಂದೆ ಅದು ಕೈಚಳಕದ ಆಟ ಆಯಿತು.

ನಮ್ಮ ಕೈಗೆ ಬಂದದ್ದು ಷಿಕಾಗೊದ್ದೇ ಆದ ಬ್ಯಾಲಿ ಕಂಪನಿ 1977ರಲ್ಲಿ ಹೊರತಂದ ‘ಎಯ್ಟ್ ಬಾಲ್’. ಆಟ ಕಟ್ಟಿದವರು ಜಾರ್ಜ್ ಕ್ರಿಶ್ಚಿಯನ್, ಚಿತ್ರ ಬರೆದವರು ಪಾಲ್ ಫಾರಿಸ್. ಒಟ್ಟು 20,230 ಯಂತ್ರ ತಯಾರಾದವು. ಆ ದಾಖಲೆ 1992ರ ತನಕ ಮುರಿಯಲಿಲ್ಲ. ವಿಷಯ ಪೂಲ್ ಟೇಬಲ್ ಆಟ. ಮೈಕ್ರೋಪ್ರೊಸೆಸರ್ ಹಾಕಿದ ಮೊದಮೊದಲ ಯಂತ್ರಗಳ ಸಾಲಿನದು. ಹಾಗಾಗಿ ಒಬ್ಬ ಆಟಗಾರ ಗೆದ್ದ ಚೆಂಡುಗಳನ್ನು ನೆನಪಿಟ್ಟುಕೊಂಡು, ಅವನ ಸರದಿ ಮತ್ತೆ ಬಂದಾಗ ಹಾಗೇ ದೀಪ ಹಚ್ಚಿ ತೋರಿಸುತ್ತದೆ. ಆ ಕಾಲಕ್ಕೆ ಅದು ದೊಡ್ಡ ವಿಷಯ.

ಯಂತ್ರದ ಯಜಮಾನರು 1980ರ ದಶಕದಲ್ಲಿ ಟಾಕೀಸಿನ ಪಕ್ಕ ಒಂದು ಗೇಮ್ ಪಾರ್ಲರ್ ನಡೆಸುತ್ತಿದ್ದರು. ಯಂತ್ರವನ್ನು ಮುಂಬೈಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಮನೆಮನೆಗೆ ಟಿವಿ ಗೇಮ್ ಬಂದ ಮೇಲೆ ಪಾರ್ಲರ್ ಮುಚ್ಚಿತು. ಉಳಿದ ಯಂತ್ರಗಳೆಲ್ಲ ಗುಜರಿಗೆ ಹೋದವು. ಇದೊಂದನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.

ಏನೇನು ಹೋಗಿತ್ತು

ಪಿನ್‌ಬಾಲ್ ಯಂತ್ರದಲ್ಲಿ ಚಿತ್ರ ಇರುವುದು ನಾಲ್ಕು ಕಡೆ. ಆಡುವ ಹಲಗೆ, ಎದುರಿಗೆ ನಿಲ್ಲಿಸಿದ ಗಾಜು, ಹಲಗೆಯ ಮೇಲಿನ ಸಣ್ಣ ಪ್ಲಾಸ್ಟಿಕ್ ತುಂಡುಗಳು, ಹೊರಗಿನ ಪೆಟ್ಟಿಗೆ. ಒಂದೊಂದರ ಮೇಲೂ ಅಚ್ಚು ಹಾಕಿದ ರೀತಿ ಬೇರೆ. ಹಾಗಾಗಿ ಹಾಳಾಗುವ ರೀತಿಯೂ ಬೇರೆ.

ಹಲಗೆ ಪ್ಲೈವುಡ್. ಅದರ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಅಂದರೆ ಜಾಲರಿಯ ಪರದೆಯಿಂದ ಶಾಯಿ ಒತ್ತಿ, ಒಂದರ ಮೇಲೊಂದು ಬಣ್ಣ, ಮೇಲೆ ತೆಳುವಾದ ಲ್ಯಾಕರ್. ಆ ಲ್ಯಾಕರ್ ಸವೆದ ದಿನದಿಂದ ಗುಂಡು ನೇರವಾಗಿ ಬಣ್ಣದ ಮೇಲೇ ಓಡುತ್ತದೆ. ಗುಂಡು ತಾಗಿದರೆ ಒದ್ದು ಕಳಿಸುವ ಬಂಪರ್‌ಗಳ ಸುತ್ತ, ಫ್ಲಿಪ್ಪರ್‌ಗಳ ಮುಂದೆ, ಗುಂಡು ಸಿಕ್ಕಿ ಚಿಮ್ಮುವ ಗುಳಿಯ ಬಾಯಲ್ಲಿ ಬಣ್ಣ ಪೂರ್ತಿ ಹೋಗಿ ಮರ ಕಾಣುತ್ತಿತ್ತು. ದೀಪದ ಮೇಲೆ ಕೂರಿಸುವ ಪ್ಲಾಸ್ಟಿಕ್ ಬಿಲ್ಲೆಗಳಲ್ಲಿ ಕೆಲವು ಕುಸಿದಿದ್ದವು. ಬಿಲ್ಲೆ ಕುಸಿದರೆ ಅದರ ಅಂಚಿನಲ್ಲಿ ಬಣ್ಣ ಬಿರಿಯುತ್ತದೆ, ಆಮೇಲೆ ಅಲ್ಲಿಂದಲೇ ಕೀಳುತ್ತಾ ಹೋಗುತ್ತದೆ.

ಇದರ ಜೊತೆ ಬಳ್ಳಾರಿಯ ಧೂಳು. ಅದಿರಿನ ಲಾರಿಗಳು ಹಗಲು ರಾತ್ರಿ ಓಡಿದ ವರ್ಷಗಳಲ್ಲಿ ಯಂತ್ರ ಆ ಕೋಣೆಯಲ್ಲೇ ನಿಂತಿತ್ತು. ತಾಡಪಾಲಿನ ಸಂದಿಯಿಂದ ಒಳಗೆ ಇಳಿದ ಕೆಂಪು ಧೂಳು ಹಲಗೆಯ ಮೇಲೆ ಪದರ ಕಟ್ಟಿತ್ತು. ಅದಿರಿನ ಕಣ ಗಟ್ಟಿ. ಒಣಬಟ್ಟೆ ತಗೊಂಡು ಒರೆಸಿದ್ದರೆ ಉಳಿದಿದ್ದ ಬಣ್ಣದ ಮೇಲೂ ಗೀರು ಬೀಳುತ್ತಿತ್ತು. ಅದಕ್ಕೇ ಮೊದಲು ಮೆತ್ತನೆಯ ಬ್ರಷ್ಷಿನಿಂದ ಎಬ್ಬಿಸಿ, ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ತೆಗೆದೆವು. ಒದ್ದೆ ಬಟ್ಟೆಯನ್ನು ಮುಟ್ಟಿಸಿದ್ದು ಆಮೇಲೆ.

ಎದುರಿನ ಗಾಜಿನದು ಬೇರೆಯೇ ಕಥೆ. ಅದರಲ್ಲಿ ಚಿತ್ರ ಗಾಜಿನ ಹಿಂಬದಿಗೆ ಇರುತ್ತದೆ. ಮುಟ್ಟುವವರ ಕೈ ಅದಕ್ಕೆ ತಾಗುವುದಿಲ್ಲ. ಅದನ್ನು ಹಾಳು ಮಾಡುವುದು ಹಿಂದೆ ಉರಿಯುವ ಬಲ್ಬುಗಳ ಶಾಖ. ದೀಪ ಹತ್ತಿದಾಗ ಗಾಜು ಕಾಯುತ್ತದೆ, ಆರಿಸಿದಾಗ ತಣ್ಣಗಾಗುತ್ತದೆ. ಗಾಜು ಹಿಗ್ಗುವ ಲೆಕ್ಕಕ್ಕೂ ಬಣ್ಣ ಹಿಗ್ಗುವ ಲೆಕ್ಕಕ್ಕೂ ಹೊಂದಾಣಿಕೆ ಇಲ್ಲ. ವರ್ಷಗಳು ಹೋದ ಹಾಗೆ ಬಣ್ಣ ಗಾಜಿನಿಂದ ಬಿಡುತ್ತದೆ. ನಮ್ಮ ಗಾಜಿನಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು, ಊದಿದರೆ ಉದುರುವ ಸ್ಥಿತಿಯಲ್ಲಿತ್ತು.

ಇಂಥ ಗಾಜು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಿಂಬದಿಗೆ ಬಟ್ಟೆ ಮುಟ್ಟಿಸಬೇಡಿ. ನೀರು, ಕಾಲಿನ್ ಯಾವುದೂ ಬೇಡ. ಒಂದು ಸಲ ಒರೆಸಿದರೆ ಚಿತ್ರ ಬಟ್ಟೆಗೆ ಬರುತ್ತದೆ.

ಯಜಮಾನರ ಆಸೆ, ನಮ್ಮ ತೀರ್ಮಾನ

ಯಜಮಾನರಿಗೆ ಎಲ್ಲ ಹೊಸದಾಗಿ ಹೊಳೆಯಬೇಕಿತ್ತು. “ಶೋರೂಮಿಂದ ಇವತ್ತು ತಂದಂಗ ಇರಬೇಕು ನೋಡು ತಮ್ಮಾ” ಅಂದರು. ಹಳೇ ಬಣ್ಣವನ್ನೆಲ್ಲ ಕೆರೆದು ತೆಗೆದು ಮೇಲೆ ಒಂದು ದೊಡ್ಡ ಸ್ಟಿಕ್ಕರ್ ಅಂಟಿಸಿಬಿಡಿ ಅನ್ನೋದು ಅವರ ಲೆಕ್ಕ. ಆ ದಾರಿ ಇದೆ. ಪೂರ್ತಿ ಹಲಗೆಯ ಅಳತೆಗೆ ವಿನೈಲ್ ಮೇಲೆ ಚಿತ್ರ ಅಚ್ಚು ಹಾಕಿ ಅಂಟಿಸುವವರು ಬೇಕಾದಷ್ಟು ಜನ ಇದ್ದಾರೆ. ಅಗ್ಗ, ಬೇಗ ಮುಗಿಯುತ್ತದೆ. ಆದರೆ ತೂತುಗಳ ಅಂಚಿನಲ್ಲಿ ಗುಂಡು ಬಡಿದು ಬಡಿದು ಅದು ಏಳುತ್ತದೆ. ಬಿಲ್ಲೆಗಳ ಬೆಳಕು ಮಂಕಾಗುತ್ತದೆ. ಎಲ್ಲಕ್ಕಿಂತ ಜಾಸ್ತಿ, 1977ರಲ್ಲಿ ಅಚ್ಚಾದ ಬಣ್ಣ ಅದರ ಅಡಿಯಲ್ಲಿ ಹೂತುಹೋಗುತ್ತದೆ.

ಹೊಸ ಗಾಜು ಮಾಡಿ ಮಾರುವವರು ಅಮೆರಿಕದಲ್ಲಿ, ಯುರೋಪಿನಲ್ಲಿ ಇದ್ದಾರೆ. ಅಲ್ಲಿಂದ ಅಷ್ಟು ದೊಡ್ಡ ಗಾಜು ಬಳ್ಳಾರಿಗೆ ಒಡೆಯದೆ ಬರಬೇಕು, ಸಾಗಾಟ ಕಟ್ಟಬೇಕು, ಸುಂಕ ಕಟ್ಟಬೇಕು. ಯಜಮಾನರೇ ಬೇಡ ಅಂದರು.

ಕೊನೆಗೆ ಒಂದು ನಿಯಮ ಹಾಕಿಕೊಂಡೆವು. ಇರುವುದನ್ನು ಮುಟ್ಟಬಾರದು. ಹೋದದ್ದನ್ನು ಮಾತ್ರ ಬರೆಯಬೇಕು. ಬರೆಯುವಾಗ ಮೂಲ ಹೇಗೆ ಅಚ್ಚಾಗಿತ್ತೋ ಅದೇ ಕ್ರಮದಲ್ಲಿ ಬರೆಯಬೇಕು. ಗುರುತು ಸಿಗದ ಕಡೆ ಊಹೆ ಮಾಡಬಾರದು. ಈ ಲೆಕ್ಕದಲ್ಲಿ ಹಲಗೆಗೆ ಹೊದಿಕೆ ಇಲ್ಲ, ಸವೆದ ಜಾಗಕ್ಕೆ ಮಾತ್ರ ಬಣ್ಣ. ಗಾಜು ಮಾತ್ರ ಬೇರೆ. ಅದರ ಮೇಲೆ ಹೊಸ ಬಣ್ಣ ಹಚ್ಚಲು ಹೋದರೆ ಹಳೆಯದು ಉದುರುತ್ತದೆ. ಹಾಗಾಗಿ ಹಳೇ ಗಾಜನ್ನು ಹಾಗೇ ಕಟ್ಟಿಟ್ಟು, ಪೂರ್ತಿ ಚಿತ್ರವನ್ನು ಮತ್ತೆ ಬರೆದು, ಹೊಸ ಗಾಜಿನ ಮೇಲೆ ಅಚ್ಚು ಹಾಕಿಸುವುದು ಅಂತ ಆಯಿತು.

ಯಜಮಾನರು ಒಪ್ಪಲು ಸ್ವಲ್ಪ ಕಾಲ ಹಿಡಿಯಿತು. ಹಲಗೆಯ ಕೆಳತುದಿಯ ಲೋಹದ ಮುಚ್ಚಳ, ಅಂದರೆ ಏಪ್ರನ್ ಬಿಚ್ಚಿ ತೋರಿಸಿದೆ. ಅದರ ಅಡಿಯಲ್ಲಿ ಗುಂಡು ಹೋಗದ, ಬೆಳಕು ಬೀಳದ ಒಂದು ಪಟ್ಟಿ ಇತ್ತು. ಬಣ್ಣ ನಿನ್ನೆ ಹಾಕಿದ ಹಾಗೆ. ಅದನ್ನು ನೋಡಿದ ಮೇಲೆ ಕೆರೆಯುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಗೆರೆ

ಮೊದಲ ಕೆಲಸ ಸ್ಕ್ಯಾನ್. ಹಲಗೆ ಸುಮಾರು 20 ಇಂಚು ಅಗಲ, 42 ಇಂಚು ಉದ್ದ. ಅದನ್ನು ಒಂದೇ ಏಟಿಗೆ ಸ್ಕ್ಯಾನ್ ಮಾಡುವ ಯಂತ್ರ ನಮ್ಮಲ್ಲಿಲ್ಲ. ಹಲಗೆಯ ಮೇಲಿನ ಕಂಬ, ರಬ್ಬರ್, ಪ್ಲಾಸ್ಟಿಕ್ ಎಲ್ಲ ಬಿಚ್ಚಿದೆವು. ಒಂದೊಂದನ್ನೂ ಬಿಚ್ಚುವ ಮೊದಲು ಫೋಟೊ, ಸ್ಕ್ರೂಗಳಿಗೆ ಬೇರೆ ಬೇರೆ ಪೊಟ್ಟಣ. ಆಮೇಲೆ ಮುಚ್ಚಳ ತೆಗೆದ ಎ4 ಸ್ಕ್ಯಾನರನ್ನು ಹಲಗೆಯ ಮೇಲೆ ಬೋರಲು ಹಾಕಿ, ತುಂಡು ತುಂಡಾಗಿ ಸ್ಕ್ಯಾನ್ ಮಾಡಿದೆವು. ಒಂದು ತುಂಡಿನ ಮೂರನೇ ಒಂದು ಭಾಗ ಪಕ್ಕದ ತುಂಡಿನಲ್ಲೂ ಬರಬೇಕು. ಇಲ್ಲದಿದ್ದರೆ ಜೋಡಿಸುವಾಗ ಸಾಲು ತಪ್ಪುತ್ತದೆ.

ಸ್ಕ್ಯಾನರ್ ಆರಿಸುವಾಗ ಒಂದು ವಿಷಯ ನೋಡಬೇಕು. ಈಗ ಅಂಗಡಿಯಲ್ಲಿ ಸಿಗುವ ತೆಳ್ಳಗಿನ ಸ್ಕ್ಯಾನರ್‌ಗಳು ಜಾಸ್ತಿ ಸಿಐಎಸ್ ಜಾತಿಯವು. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಚೆನ್ನಾಗಿ ಓದುತ್ತವೆ. ಒಂದೆರಡು ಮಿಲಿಮೀಟರ್ ದೂರ ಇದ್ದರೂ ಮಸುಕು. ಹಳೇ ದಪ್ಪನೆಯ ಸಿಸಿಡಿ ಸ್ಕ್ಯಾನರ್ ಕುಸಿದ ಬಿಲ್ಲೆಯ ತಳವನ್ನೂ ಓದುತ್ತದೆ. ಅದನ್ನೇ ಹುಡುಕಿ ತಂದೆವು. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ ಸಾಕಾಯಿತು. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿದ್ದರಿಂದ ಅಳತೆ ತಾಳೆ ನೋಡುವುದು ಸುಲಭವಾಯಿತು. ಜೋಡಿಸಿದ ಮೇಲೆ ತೂತಿಂದ ತೂತಿಗೆ ವರ್ನಿಯರ್‌ನಲ್ಲಿ ಅಳೆದು, ಪರದೆಯ ಮೇಲಿನ ಅಳತೆಗೆ ಹೋಲಿಸಿದೆವು. ಚಿತ್ರ ಎಷ್ಟೇ ಚೆಂದ ಇರಲಿ, ಬಿಲ್ಲೆಯ ಸುತ್ತಿನ ಕಪ್ಪು ಉಂಗುರ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋದರೂ ಕಣ್ಣಿಗೆ ಹೊಡೆಯುತ್ತದೆ.

ಬರೆದದ್ದು ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ. ಬಳ್ಳಾರಿಯ ಯಾವ ಡಿಸೈನ್ ಅಂಗಡಿಗೆ ಹೋದರೂ ಅದೇ ತಾನೇ ಇರೋದು. ಅದರಲ್ಲಿ ಒಂದು ಬಟನ್ ಒತ್ತಿದರೆ ಫೋಟೊವನ್ನು ಗೆರೆಯಾಗಿ ಮಾಡಿಕೊಡುವ ಆಟೋ ಟ್ರೇಸ್ ಇದೆ. ಲೋಗೊಗೆ ಅದು ಸಾಕು. ಇಲ್ಲಿ ಬೇಡವೇ ಬೇಡ. ಸವೆದ ಅಂಚು, ಬಿರುಕು, ಕೊಳೆ ಎಲ್ಲವನ್ನೂ ಅದು ಚಿತ್ರ ಅಂದುಕೊಂಡು ಬರೆಯುತ್ತದೆ. ದುಂಡಗಿನ ಚೆಂಡು ಆಲೂಗಡ್ಡೆ ಆಗುತ್ತದೆ. ಪೆನ್ ಟೂಲ್ ಹಿಡಿದು ಕೈಯಿಂದಲೇ ಬರೆಯಬೇಕು.

ಇಲ್ಲಿ ಒಂದು ಗೆರೆಯನ್ನು ಹತ್ತಿರದಿಂದ ನೋಡೋಣ. ಗಾಜಿನ ಚಿತ್ರದಲ್ಲಿ ಜಾಕೆಟ್ ತೊಟ್ಟ ಹುಡುಗನ ಕಾಲರ್ ಇದೆ. ದೂರದಿಂದ ಅದು ಒಂದು ಕಪ್ಪು ಗೆರೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತದೆ. ಕುತ್ತಿಗೆಯ ಹತ್ತಿರ ತೆಳ್ಳಗೆ ಶುರುವಾಗಿ, ಬಾಗುವ ಕಡೆ ದಪ್ಪವಾಗಿ, ಕೊನೆಯಲ್ಲಿ ಮೊನೆಯಾಗಿ ಮುಗಿಯುತ್ತದೆ. ಒಳಗಿನ ಅಂಚು ಒಂದು ರೀತಿ ಬಾಗಿದೆ, ಹೊರಗಿನ ಅಂಚು ಇನ್ನೊಂದು ರೀತಿ. ಬರೆದವರ ಕುಂಚ ಒತ್ತಿದ್ದು, ಎತ್ತಿದ್ದು ಎಲ್ಲ ಅದರಲ್ಲಿದೆ. ಇದನ್ನು ಎರಡು ಪಾಯಿಂಟ್ ದಪ್ಪದ ಸಾದಾ ಲೈನ್ ಎಳೆದು ಬಿಟ್ಟರೆ ಆಕಾರ ಬರುತ್ತದೆ, ಆದರೆ ಕಾಲರ್ ತಗಡಿನ ಹಾಗೆ ಕಾಣುತ್ತದೆ. ಅದಕ್ಕೇ ಪ್ರತಿ ಗೆರೆಯನ್ನೂ ಒಂದು ಮುಚ್ಚಿದ ಆಕಾರ ಅಂತಲೇ ಬರೆದೆವು. ಎರಡು ಅಂಚು ಬೇರೆ ಬೇರೆ, ನಡುವೆ ಕಪ್ಪು ತುಂಬಿದ್ದು. ಕೆಲಸ ದುಪ್ಪಟ್ಟು. ಬೇರೆ ದಾರಿ ಇಲ್ಲ.

ಅಂಕಿಗಳದ್ದೂ ಇದೇ ಕಥೆ. ಚೆಂಡುಗಳ ಮೇಲಿನ ಅಂಕಿಗೆ ಹತ್ತಿರದ ಫಾಂಟ್ ಹುಡುಕಿ ಹಾಕೋಣ ಅಂತ ನಮ್ಮ ಅಂಗಡಿಯ ಹುಡುಗ ಹೇಳಿದ. ಹತ್ತಿರದ್ದು ಸಿಗುತ್ತದೆ, ಅದೇ ಸಿಗುವುದಿಲ್ಲ. ಹಲಗೆಯ ಮೇಲಿನ ಅಂಕಿಯನ್ನೇ ನೋಡಿ ಬರೆಯುವುದು ಅಂತ ತೀರ್ಮಾನಿಸಿದೆವು. ಒಂದು ಕಡೆ ಅಂಕಿ ಸವೆದಿದ್ದರೆ ಅದೇ ಅಂಕಿ ಇನ್ನೊಂದು ಕಡೆ ಗಟ್ಟಿ ಇದೆಯಾ ಅಂತ ನೋಡುವುದು. ಅಲ್ಲೂ ಇಲ್ಲದಿದ್ದರೆ ಬೇರೆ ಸಂಗ್ರಹಕಾರರ ಯಂತ್ರದ ಫೋಟೊ. ಇಂಟರ್ನೆಟ್ ಪಿನ್‌ಬಾಲ್ ಡೇಟಾಬೇಸ್ ಎಂಬ ತಾಣದಲ್ಲಿ ಇಂಥ ಹಳೇ ಯಂತ್ರಗಳ ಫೋಟೊ ಬೇಕಾದಷ್ಟಿವೆ. ಆಕಾರಕ್ಕೆ ಅವು ದೊಡ್ಡ ಆಸರೆ. ಬಣ್ಣಕ್ಕೆ ಮಾತ್ರ ಅವನ್ನು ನಂಬಬಾರದು.

ಇನ್ನೊಂದು ಸೂಕ್ಷ್ಮ ಇದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಪರದೆ. ಒಂದಾದ ಮೇಲೊಂದು ಒತ್ತುವಾಗ ಕೂದಲೆಳೆಯಷ್ಟು ಆಚೀಚೆ ಆಗೇ ಆಗುತ್ತದೆ. ಅದಕ್ಕೆ ಹಳಬರು ಒಂದು ಉಪಾಯ ಮಾಡಿದ್ದರು. ಹಳದಿ, ಕೆಂಪು ಬಣ್ಣಗಳನ್ನು ಕಪ್ಪು ಗೆರೆಯ ಅಡಿಯ ತನಕ ಎಳೆದು, ಕೊನೆಗೆ ಕಪ್ಪು ಒತ್ತುತ್ತಿದ್ದರು. ಆಚೀಚೆ ಆದದ್ದನ್ನು ಕಪ್ಪು ಮುಚ್ಚುತ್ತಿತ್ತು. ನಾವೂ ಒಂದೊಂದು ಬಣ್ಣವನ್ನು ಒಂದೊಂದು ಲೇಯರ್‌ನಲ್ಲಿ ಹಾಗೇ ಬರೆದೆವು. ಕಪ್ಪು ಲೇಯರ್ ಆರಿಸಿ ನೋಡಿದರೆ ಬಣ್ಣಗಳು ಒರಟಾಗಿ, ಹೊರಗೆ ಚಾಚಿಕೊಂಡು ಕಾಣುತ್ತವೆ. ಹಾಗೇ ಇರಬೇಕು.

ಮೂಲದಲ್ಲಿ ಕಪ್ಪು ಸ್ವಲ್ಪ ಸರಿದು, ಒಂದೆರಡು ಕಡೆ ಕೆಂಪು ಹೊರಗೆ ಇಣುಕುತ್ತಿತ್ತು. ಅದನ್ನು ‘ಸರಿ’ ಮಾಡಬೇಕಾ? ಸವೆದ ಜಾಗ ಉಳಿದ ಜಾಗವನ್ನು ಕೂಡುವ ಕಡೆ ಮೂಲದ ಆಚೀಚೆಯನ್ನು ಹಾಗೇ ಇಟ್ಟೆವು. ಇಲ್ಲದಿದ್ದರೆ ಹಳೇ ಗೆರೆಗೂ ಹೊಸ ಗೆರೆಗೂ ಮೆಟ್ಟಿಲು ಬೀಳುತ್ತದೆ. ಗಾಜು ಪೂರ್ತಿ ಹೊಸದಾದ್ದರಿಂದ ಅದರಲ್ಲಿ ಬರೆದವರು ಎಲ್ಲಿಗೆ ಅಂದುಕೊಂಡಿದ್ದರೋ ಅಲ್ಲಿಗೇ ಗೆರೆ ಕೂರಿಸಿದೆವು.

ಬಣ್ಣ

ಕೆಂಪು ಬಣ್ಣ ಬಿಸಿಲಿಗೆ ಬೇಗ ಸೋಲುತ್ತದೆ. ಪಾರ್ಲರ್ ಕಾಲದಲ್ಲಿ ಯಂತ್ರ ಬಾಗಿಲ ಹತ್ತಿರ ಇತ್ತಂತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲು. ಪೂಲ್ ಆಟದಲ್ಲಿ 3ನೇ ಚೆಂಡು ಕೆಂಪು, 5 ಕಿತ್ತಳೆ, 7 ಕಂದುಗೆಂಪು. ಈ ಮೂರೂ ಬೇರೆ ಬೇರೆ ಅಂತ ಕಾಣದಿದ್ದರೆ ಆ ವಿಷಯಕ್ಕೇ ಅರ್ಥ ಇಲ್ಲ. ಮಾಸಿದ ಬಣ್ಣ ನೋಡಿ ಕಲಸಿದರೆ ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಇಲ್ಲಿ ನಮಗೆ ಸಹಾಯಕ್ಕೆ ಬಂದವರು ಕೊಪ್ಪಳದ ಕಿನ್ನಾಳದ ಒಬ್ಬ ಹಿರಿಯ ಚಿತ್ರಗಾರರು. ಕಿನ್ನಾಳದ ಮರದ ಗೊಂಬೆ, ದೇವರ ಮೂರ್ತಿಗಳ ಬಣ್ಣದ ಕೆಲಸ ಎಲ್ಲರಿಗೂ ಗೊತ್ತು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಪಿನ್‌ಬಾಲ್ ಅವರು ನೋಡಿದ್ದೇ ಇಲ್ಲ. ಆದರೆ ಮರದ ಮೇಲಿನ ಬಣ್ಣ ಅವರ ಮನೆತನದ ಕೆಲಸ. ಹಲಗೆಯ ಮೇಲೆ ಬಗ್ಗಿ ನೋಡಿ ಅವರು ಅಂದದ್ದು ಇಷ್ಟು: “ಮ್ಯಾಲಿನ ಕೆಂಪು ಬಿಸಿಲಿಗೆ ಸತ್ತೈತ್ರಿ. ಇದನ್ನ ನೋಡಿ ಕಲಸಬ್ಯಾಡ್ರಿ. ಮುಚ್ಚಿದ್ದ ಜಾಗಾ ಯಾವುದೈತಿ, ಅದನ್ನ ತೋರಿಸ್ರಿ.”

ಏಪ್ರನ್ ಅಡಿಯ ಪಟ್ಟಿ, ಪ್ಲಾಸ್ಟಿಕ್ ತುಂಡುಗಳ ಕೆಳಗಿನ ಜಾಗ, ಕಂಬದ ವಾಷರ್ ಕೂತಿದ್ದ ದುಂಡು ಗುರುತುಗಳು. ಬಣ್ಣದ ಸಾಕ್ಷಿ ಉಳಿದದ್ದು ಅಲ್ಲೇ. ಅವರು ಬಣ್ಣ ಕಲಸಿ, ಒಂದು ಹನಿ ಹೆಬ್ಬೆರಳಿನ ಉಗುರಿನ ಮೇಲೆ ಹಚ್ಚಿ, ಉಗುರನ್ನು ಆ ಜಾಗದ ಪಕ್ಕಕ್ಕೇ ಹಿಡಿದು ನೋಡುತ್ತಿದ್ದರು. ಒಣಗುವ ತನಕ ಕಾಯುತ್ತಿದ್ದರು. ಹಸಿ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ ಬಿದ್ದರೆ ಇನ್ನೂ ಸ್ವಲ್ಪ ಗಾಢವಾಗುತ್ತದೆ ಅಂತ ನಾನು ಹೇಳಿದ ಮೇಲೆ, ಉಗುರಿಗೆ ಒಂದು ಹನಿ ಎಣ್ಣೆ ಸವರಿ ನೋಡಲು ಶುರು ಮಾಡಿದರು. ಕಂಪ್ಯೂಟರಿನ ಬಣ್ಣದ ಸಂಖ್ಯೆ ಇಟ್ಟುಕೊಂಡು ಕೂತಿದ್ದ ನಮಗೆ ಅದನ್ನು ನೋಡುವುದೇ ಒಂದು ಪಾಠ.

ಹಲಗೆಗೆ ಬಣ್ಣ ಹಾಕಿದ ರೀತಿ ಹೀಗೆ. ಗಾಡಿಗಳಿಗೆ ರೇಡಿಯಂ ಕಟಿಂಗ್ ಮಾಡುವ ಅಂಗಡಿಯ ಪ್ಲಾಟರ್‌ನಲ್ಲಿ, ನಮ್ಮ ಫೈಲ್ ಕೊಟ್ಟು, ಒಂದೊಂದು ಬಣ್ಣಕ್ಕೂ ಕಡಿಮೆ ಅಂಟಿನ ತೆಳು ಹಾಳೆಯಲ್ಲಿ ಮರೆ ಕತ್ತರಿಸಿದೆವು. ಹಲಗೆಯ ಮೇಲೆ ಮರೆ ಕೂರಿಸಿ, ತೆರೆದ ಜಾಗಕ್ಕೆ ಮಾತ್ರ ಏರ್‌ಬ್ರಷ್‌ನಿಂದ ಬಣ್ಣ. ಅದಕ್ಕೆ ಮೊದಲು ಹಳೇ ಬಣ್ಣದ ಮೇಲೆ ತೆಳುವಾಗಿ ಕ್ಲಿಯರ್ ಹೊಡೆದು ಭದ್ರ ಮಾಡಿದ್ದೆವು. ಇಲ್ಲದಿದ್ದರೆ ಮರೆ ಕೀಳುವಾಗ ಅದರ ಜೊತೆ ಹಳೇ ಬಣ್ಣವೂ ಬರುತ್ತದೆ. ಕಪ್ಪು ಗೆರೆ ಮತ್ತು ಸಣ್ಣ ಅಕ್ಷರಗಳಿಗೆ ಏರ್‌ಬ್ರಷ್ ಸಾಲದು. ಅದಕ್ಕೆ ಜೀನ್ಸ್ ಲೇಬಲ್ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ ಹೋದೆವು. ಬಟ್ಟೆಯ ಮೇಲೆ ಸಣ್ಣ ಅಕ್ಷರ ಮೂಡಿಸಿ ಅವರ ಕೈ ಪಳಗಿದೆ. ಮರಕ್ಕೆ ಶಾಯಿ ಬೇರೆ, ಪರದೆಯ ಜಾಲರಿ ಇನ್ನೂ ಸಣ್ಣದು, ಅಷ್ಟೇ ವ್ಯತ್ಯಾಸ.

ಎಲ್ಲ ಒಣಗಿದ ಮೇಲೆ ಕಾರು ಪೇಂಟಿಂಗ್ ಶೆಡ್ಡಿನಲ್ಲಿ ಟೂ-ಕೆ ಕ್ಲಿಯರ್, ಅಂದರೆ ಹಾರ್ಡನರ್ ಬೆರೆಸಿದ ಗಟ್ಟಿ ಕ್ಲಿಯರ್ ಹೊಡೆಸಿದೆವು. ಇದಕ್ಕೆ ಮೊದಲು ಅದೇ ಬಣ್ಣ, ಅದೇ ಶಾಯಿಯನ್ನು ಒಂದು ಪ್ಲೈವುಡ್ ತುಂಡಿನ ಮೇಲೆ ಹಾಕಿ ಪರೀಕ್ಷೆ ಮಾಡಲೇಬೇಕು. ಕ್ಲಿಯರ್‌ನ ತಿನ್ನರ್‌ಗೆ ಕೆಲವು ಶಾಯಿ ಸುಕ್ಕುಗಟ್ಟುತ್ತದೆ. ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವ ಹುಡುಗರನ್ನು ನೋಡಿದರೆ ಬೇಜಾರಾಗುತ್ತದೆ. ಸರಿಯಾದ ಫಿಲ್ಟರ್ ಮಾಸ್ಕ್ ತಂದುಕೊಟ್ಟೇ ಕೆಲಸ ಶುರು ಮಾಡಿಸಿದೆವು.

ಗಾಜು

ಗಾಜನ್ನು ಸ್ಕ್ಯಾನರ್‌ಗೆ ಹಾಕಲಿಲ್ಲ. ಅಲುಗಿಸಿದರೆ ಬಣ್ಣ ಉದುರುತ್ತಿತ್ತು. ನಿಂತಲ್ಲೇ ಫೋಟೊ ತೆಗೆದೆವು. ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ ದೀಪ, ಲೆನ್ಸಿಗೆ ಹೊಳಪು ತಡೆಯುವ ಪೋಲರೈಸರ್, ಕ್ಯಾಮೆರಾ ಗಾಜಿಗೆ ಸರಿಯಾಗಿ ನೇರ. ಆಮೇಲೆ ಮುಂದಿನ ದೀಪ ಆರಿಸಿ, ಹಿಂದಿನಿಂದ ಬೆಳಕು ಬಿಟ್ಟು ಮತ್ತೊಂದು ಸಾಲು ಫೋಟೊ. ಈ ಎರಡನೇ ಸಾಲು ಇಲ್ಲದಿದ್ದರೆ ಕೆಲಸ ಅರ್ಧವೇ ಆಗುತ್ತಿತ್ತು.

ಯಾಕೆ ಅಂದರೆ ಗಾಜಿನ ಚಿತ್ರ ಬರೀ ಚಿತ್ರ ಅಲ್ಲ, ಬೆಳಕಿನ ಲೆಕ್ಕವೂ ಹೌದು. ಅಚ್ಚಿನ ಕ್ರಮ ಹಲಗೆಗೆ ಪೂರ್ತಿ ಉಲ್ಟಾ. ಗಾಜಿನ ಹಿಂಬದಿಗೆ ಮೊದಲು ಕಪ್ಪು ಗೆರೆ, ಅದರ ಮೇಲೆ ಬಣ್ಣಗಳು, ಅದರ ಮೇಲೆ ಬಿಳಿ, ಕೊನೆಗೆ ಬೆಳಕು ತಡೆಯುವ ಪದರ. ಆ ಕೊನೆಯ ಪದರ ಎಲ್ಲಿ ಇದೆಯೋ ಅಲ್ಲಿ ಬೆಳಕು ಬರುವುದಿಲ್ಲ. ಎಲ್ಲಿ ಬಿಟ್ಟಿದ್ದಾರೋ ಅಲ್ಲಿ ಚಿತ್ರ ಹೊಳೆಯುತ್ತದೆ. ಆಟ ಮುಗಿಯಿತು ಅನ್ನುವಂಥ ಅಕ್ಷರಗಳು ದೀಪ ಹತ್ತಿದಾಗ ಮಾತ್ರ ಕಾಣುವುದೂ ಇದೇ ಉಪಾಯದಿಂದ. ಅಂಕ ತೋರಿಸುವ ಕಿಟಕಿಗಳಲ್ಲಿ ಯಾವ ಬಣ್ಣವೂ ಇಲ್ಲ.

ಬಳ್ಳಾರಿಯಲ್ಲಿ ದೇವರ ಮನೆ ಬಾಗಿಲಿಗೆ, ಅಡುಗೆ ಮನೆ ಗೋಡೆಗೆ ಗಾಜಿನ ಮೇಲೆ ಚಿತ್ರ ಹಾಕುವ ಯುವಿ ಪ್ರಿಂಟಿಂಗ್, ಅಂದರೆ ಅತಿನೇರಳೆ ಬೆಳಕಿನಿಂದ ಶಾಯಿ ಒಣಗಿಸುವ ಅಚ್ಚು, ಈಗ ಚೆನ್ನಾಗಿ ನಡೆಯುತ್ತದೆ. ವೆಂಕಟೇಶ್ವರ, ಲಕ್ಷ್ಮಿ ಅಚ್ಚು ಹಾಕುವ ಅದೇ ಯಂತ್ರದಲ್ಲಿ ನಮ್ಮ ಕೆಲಸವೂ ಆಯಿತು. ಗಾಜನ್ನು ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, ಆಮೇಲೆ ಟಫನ್ ಮಾಡಿಸಬೇಕು, ಅಂದರೆ ಕಾಯಿಸಿ ಗಟ್ಟಿ ಮಾಡಿಸಬೇಕು. ಟಫನ್ ಆದ ಗಾಜನ್ನು ಕತ್ತರಿಸಲು ಹೋದರೆ ಪುಡಿಪುಡಿ. ಅಚ್ಚಿಗೆ ಮೊದಲು ಪ್ರೈಮರ್ ಸವರಬೇಕು, ಇಲ್ಲದಿದ್ದರೆ ಯುವಿ ಶಾಯಿ ಗಾಜನ್ನು ಹಿಡಿಯುವುದಿಲ್ಲ.

ಯುವಿ ಯಂತ್ರದ ದೊಡ್ಡ ಕೊರತೆ ಬಣ್ಣದ್ದು. ಅದು ನಾಲ್ಕು ಬಣ್ಣ ಬೆರೆಸಿಯೇ ಎಲ್ಲವನ್ನೂ ಮಾಡಬೇಕು. ಹಳೇ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಕಿತ್ತಳೆ ಅಂದರೆ ಡಬ್ಬಿಯಲ್ಲೇ ಕಿತ್ತಳೆ. ಆ ಉರಿಯುವ ಕಿತ್ತಳೆ ನಾಲ್ಕು ಬಣ್ಣದ ಬೆರಕೆಯಲ್ಲಿ ಪೂರ್ತಿ ಬರುವುದಿಲ್ಲ. ಇದನ್ನು ಯಜಮಾನರಿಗೆ ಮೊದಲೇ ಹೇಳಿದೆವು. ಹತ್ತಿರಕ್ಕೆ ತರಲು ಸಾಧ್ಯವಾದದ್ದು ಬಿಳಿ ಪದರದಿಂದ. ಮಾದರಿ ತುಂಡುಗಳಲ್ಲಿ ಬಿಳಿ ಒಂದು ಪದರ ಹಾಕಿದರೆ ಬಲ್ಬಿನ ಗುಂಡಗಿನ ಕಲೆ ಎದ್ದು ಕಾಣುತ್ತಿತ್ತು, ಬಣ್ಣ ತೊಳೆದ ಹಾಗೆ. ಜಾಸ್ತಿ ಹಾಕಿದರೆ ದೀಪವೇ ಹತ್ತಿಲ್ಲ ಅನ್ನಿಸುತ್ತಿತ್ತು. ಕಿತ್ತಳೆ, ಹಳದಿ ಇರುವ ಕಡೆ ತೆಳು ಬಿಳಿ, ನೀಲಿಯ ಹಿಂದೆ ಸ್ವಲ್ಪ ದಪ್ಪ ಬಿಳಿ ಅಂತ ಬೇರೆ ಬೇರೆ ಮಾಡಿದ ಮೇಲೆ ಹದಕ್ಕೆ ಬಂತು.

ಮಾದರಿ ನೋಡಿದ್ದು ಎಲ್ಲ ಹಳದಿ ಬೆಳಕಿನಲ್ಲೇ. ಈ ಯಂತ್ರದ ಬಣ್ಣಗಳನ್ನು ಆರಿಸಿದ್ದು ತಂತಿ ಬಲ್ಬಿನ ಬೆಳಕಿಗೆ. ಬಿಳಿ ಎಲ್‌ಇಡಿ ಹಿಂದೆ ಹಾಕಿದರೆ ಹಳದಿ ಸಪ್ಪೆಯಾಗುತ್ತದೆ, ಮುಖಗಳು ಬಿಳಿಚಿಕೊಳ್ಳುತ್ತವೆ. ಶಾಖ ಕಡಿಮೆ ಮಾಡಲು ಎಲ್‌ಇಡಿ ಹಾಕಿದೆವು ನಿಜ, ಆದರೆ ಬೆಚ್ಚನೆಯ ಹಳದಿ ಬೆಳಕಿನದ್ದನ್ನೇ ಹುಡುಕಿ ಹಾಕಿದೆವು.

ಚಿತ್ರದಲ್ಲಿ ಒಬ್ಬ ಹೆಣ್ಣುಮಗಳ ಕೆನ್ನೆ ಅರ್ಧ ಉದುರಿತ್ತು. ಅದಕ್ಕೆ ಬೇರೆ ಯಂತ್ರಗಳ ಫೋಟೊ ಒಂದರ ಮೇಲೊಂದು ಇಟ್ಟು, ಎಲ್ಲದರಲ್ಲೂ ಒಂದೇ ಕಡೆ ಬರುವ ಗೆರೆಯನ್ನು ಮಾತ್ರ ತೆಗೆದುಕೊಂಡೆವು. ಮುಖ ಬರೆಯುವಾಗ ಕೈ ತಾನಾಗಿಯೇ ಚೆಂದ ಮಾಡಲು ಹೋಗುತ್ತದೆ. ಕಣ್ಣು ಸ್ವಲ್ಪ ದೊಡ್ಡದು, ತುಟಿ ಸ್ವಲ್ಪ ತುಂಬಿದ್ದು. ಅದನ್ನು ತಡೆಯಲು ಚಿತ್ರವನ್ನು ತಲೆಕೆಳಗೆ ಮಾಡಿ ಬರೆದೆವು. ಆಗ ಮುಖ ಕಾಣುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ.

ಉಳಿದದ್ದು

ಹೊರಗಿನ ಪೆಟ್ಟಿಗೆ ಸುಲಭದ ಕೆಲಸ. ಮೂಲದಲ್ಲೇ ಅದು ಸ್ಟೆನ್ಸಿಲ್ ಇಟ್ಟು ಸ್ಪ್ರೇ ಮಾಡಿದ್ದು. ರೇಡಿಯಂ ಅಂಗಡಿಯಲ್ಲೇ ಸ್ಟೆನ್ಸಿಲ್ ಕತ್ತರಿಸಿ, ಪೆಟ್ಟು ಬಿದ್ದ ಪಕ್ಕಕ್ಕೆ ಮಾತ್ರ ಬಣ್ಣ ಹೊಡೆಸಿದೆವು. ಇನ್ನೊಂದು ಪಕ್ಕ ಹಾಗೇ ಇದೆ.

ಯಜಮಾನರಿಗೆ ಇನ್ನೊಂದು ಆಸೆ ಇತ್ತು. ಗಾಜಿನ ಮೂಲೆಯಲ್ಲಿ ತಮ್ಮ ಹಳೇ ಪಾರ್ಲರ್ ಹೆಸರು ಬರಬೇಕು ಅಂತ. ಆಸೆ ದೊಡ್ಡದೇನಲ್ಲ. ಆದರೂ ಆ ಚಿತ್ರ ಇನ್ನೊಬ್ಬರದು. ಅದರೊಳಗೆ ನಾವು ಏನನ್ನೂ ಸೇರಿಸಬಾರದು ಅಂತ ನಾನು ಹಟ ಹಿಡಿದೆ. ಏಪ್ರನ್ ಮೇಲೆ ಎರಡು ಸಣ್ಣ ಕಾಗದದ ಕಾರ್ಡು ಇರುತ್ತವೆ. ಆಟದ ನಿಯಮ ಮತ್ತು ದರ ಬರೆಯಲು. ಅವು ಮೊದಲಿಂದಲೂ ಬದಲಿಸಲೆಂದೇ ಇರುವ ಕಾರ್ಡು. ಅಲ್ಲಿ ಪಾರ್ಲರ್ ಹೆಸರು ಹಾಕಿ, ನಿಯಮಗಳನ್ನು ಕನ್ನಡದಲ್ಲಿ ಬರೆದೆವು. “ನಿಮ್ಮ ಸರದಿ ಮತ್ತೆ ಬಂದಾಗ ಗೆದ್ದ ಚೆಂಡುಗಳು ಹಾಗೇ ಇರುತ್ತವೆ” ಅಂತ ಒಂದು ಸಾಲು. ಯಜಮಾನರ ಮೊಮ್ಮಕ್ಕಳು ಮೊದಲು ಓದಿದ್ದು ಅದನ್ನೇ.

ಹಕ್ಕಿನ ವಿಷಯವನ್ನೂ ಹೇಳಬೇಕು. ಬ್ಯಾಲಿಯ ಪಿನ್‌ಬಾಲ್ ವಿಭಾಗ 1988ರಲ್ಲಿ ವಿಲಿಯಮ್ಸ್ ಕೈಗೆ ಹೋಯಿತು. ಕಂಪನಿ ಕೈ ಬದಲಾಯಿತು ಅಂತ ಚಿತ್ರದ ಹಕ್ಕು ಇಲ್ಲವಾಗುವುದಿಲ್ಲ. ನಾವು ಅಚ್ಚು ಹಾಕಿದ್ದು ಈ ಒಂದು ಯಂತ್ರಕ್ಕೆ ಒಂದೇ ಗಾಜು. ಫೈಲನ್ನು ಯಾರಿಗೂ ಮಾರಿಲ್ಲ, ಮಾರುವುದೂ ಇಲ್ಲ. ಯುವಿ ಪ್ರಿಂಟಿಂಗ್‌ನವರ ಕಂಪ್ಯೂಟರಿನಿಂದಲೂ ಕೆಲಸ ಮುಗಿದ ದಿನವೇ ಅಳಿಸಿದೆವು. ಹಳೇ ಗಾಜು ಮೆತ್ತನೆಯ ಹಾಸಿನ ಮರದ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತಿದೆ. ಮುಂದೆ ಇನ್ನೂ ಒಳ್ಳೇ ಉಪಾಯ ಬಂದರೆ ಮೂಲ ಅಲ್ಲೇ ಇರಬೇಕು.

ಯಂತ್ರ ಈಗ ಆಡುತ್ತದೆ. ಬಂಪರ್‌ಗಳ ಸುತ್ತ ಹೊಸ ಬಣ್ಣ ಹಳೆಯದರ ಜೊತೆ ಕೂಡಿಕೊಂಡಿದೆ. ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ ಕೂಡಿದ ಜಾಗ ಕಾಣುತ್ತದೆ, ಆಡುವಾಗ ಕಾಣುವುದಿಲ್ಲ. ಕಿತ್ತಳೆ ಚೆಂಡು ಗಾಜಿನಲ್ಲಿ ಮೂಲದಷ್ಟು ಉರಿಯುವುದಿಲ್ಲ, ಹಲಗೆಯಲ್ಲಿ ಉರಿಯುತ್ತದೆ.

ಒಂದು ಕೆಲಸ ಬಾಕಿ ಇದೆ. ಎಡಗಡೆ ಫ್ಲಿಪ್ಪರ್ ಮೇಲಿನ ತ್ರಿಕೋನದ ಪ್ಲಾಸ್ಟಿಕ್ ಮುರಿದು, ಅದರ ಮೂಲೆ ಕಳೆದುಹೋಗಿದೆ. ಸಿಕ್ಕ ಫೋಟೊಗಳಲ್ಲೆಲ್ಲ ಆ ಮೂಲೆಯ ಮೇಲೆ ದೀಪದ ಹೊಳಪು ಬಿದ್ದು ಗೆರೆ ಕಾಣುವುದಿಲ್ಲ. ಊಹೆ ಮಾಡಿ ಬರೆಯಬಹುದಿತ್ತು. ಬರೆದಿಲ್ಲ. ಸದ್ಯಕ್ಕೆ ಅಲ್ಲಿ ಬಣ್ಣವಿಲ್ಲದ ಪಾರದರ್ಶಕ ತುಂಡು ಕೂರಿಸಿದ್ದೇವೆ. ಇದೇ ಯಂತ್ರ ಯಾರ ಹತ್ತಿರವಾದರೂ ಇದ್ದರೆ, ಆ ಪ್ಲಾಸ್ಟಿಕ್ ಬಿಚ್ಚಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿ ಕಳಿಸಿದರೆ ಸಾಕು. ಉಳಿದದ್ದು ನಾವು ಬರೆದುಕೊಳ್ಳುತ್ತೇವೆ.